ಜ್ವರದ ದಿನದ ಕೂಲಿ ಯಾರದು?

ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಕಳೆದ ತಿಂಗಳು ಈ ಪುಟದಲ್ಲಿ ನಾನೇ ಒಂದು ಪ್ರಶ್ನೆ ಕೇಳಿದ್ದೆ. ಹೊಸ ಥರದ ಫ್ಲೂ ಬಂದು ಊರಿಗೆ ಊರೇ ಮಲಗಿದರೆ ನಿಮ್ಮ ಅಂಗಡಿ, ಶೆಡ್ಡು, ಕಚೇರಿಯಲ್ಲಿ ಎಂತ ಮಾಡುತ್ತೀರಿ ಅಂತ. ತುಂಬ ಕಾಗದ ಬಂದಿವೆ. ಹೆಚ್ಚಿನವು ನಮ್ಮ ಕಾಸರಗೋಡಿನ ಕಡೆಯವೇ. ನಾನು ಹದಿನೆಂಟು ವರ್ಷ ಗೇರುಬೀಜದ ಕಾರ್ಖಾನೆಯೊಂದರಲ್ಲಿ ಡಾಕ್ಟರಾಗಿದ್ದವಳು. ಈಗ ಬದಿಯಡ್ಕದ ಹತ್ತಿರ ಸಣ್ಣ ಕ್ಲಿನಿಕ್ ಇಟ್ಟುಕೊಂಡಿದ್ದೇನೆ. ಎರಡೂ ಕಡೆ ಕಂಡದ್ದನ್ನು ನೆನಪಿಟ್ಟುಕೊಂಡು ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಮ್ಮದು ಅಡಿಕೆ ಸುಲಿದು ಗಾರ್ಬಲ್ ಮಾಡುವ, ಅಂದರೆ ಗುಣ ನೋಡಿ ವಿಂಗಡಿಸುವ ಶೆಡ್ಡು. 14 ಜನ ಹೆಂಗಸರು, ದಿನಕ್ಕೆ 550 ರೂಪಾಯಿ ಕೂಲಿ. ಕೊರೋನ ಹೋಗಿ ಇಷ್ಟು ಸಮಯ ಆಯಿತು. ಇನ್ನೂ ಬಾರದ ಕಾಯಿಲೆಗೆ ಈಗಲೇ ತಯಾರಿ ಬೇಕಾ? ಸಾಬೂನು, ಮಾಸ್ಕ್ ತಂದಿಟ್ಟರೆ ಸಾಲದಾ?
(ನೀರ್ಚಾಲಿನ ಓದುಗರು)

ಉತ್ತರ: ಸಾಬೂನು ಬೇಕು. ಮಾಸ್ಕೂ ಬೇಕು. ಆದರೆ ಮೊದಲು ಬೇಕಾದ್ದು ಅವಲ್ಲ. ನಿಮ್ಮ ಶೆಡ್ಡಿನ ಒಬ್ಬಾಕೆಗೆ ಬೆಳಿಗ್ಗೆ ಏಳುವಾಗ ಮೈ ಬಿಸಿ ಇದ್ದರೆ, ಆ ದಿನದ 550 ರೂಪಾಯಿ ಬಿಟ್ಟು ಮನೆಯಲ್ಲಿ ಮಲಗುವುದು ಅವಳಿಂದ ಆಗುತ್ತದಾ? ಆಗುವುದಿಲ್ಲ ಅಂದರೆ ಉಳಿದ ತಯಾರಿಯೆಲ್ಲ ಸುಮ್ನೆ.

2009ರ ಮಳೆಗಾಲದ ಮಾತು ಹೇಳುತ್ತೇನೆ. ಎಚ್1ಎನ್1 ಅನ್ನುವ ಹೊಸ ಫ್ಲೂ ಬಂದಿತ್ತು. ಜೂನ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮಹಾಮಾರಿ ಎಂದು ಸಾರಿತು. ಆಗಸ್ಟ್ ಮೊದಲ ವಾರ ಪುಣೆಯಲ್ಲಿ ನಮ್ಮ ದೇಶದ ಮೊದಲ ಸಾವು ಆಯಿತು. ನಾನಿದ್ದ ಕಾರ್ಖಾನೆಯಲ್ಲಿ ಕೈ ತೊಳೆಯುವ ಚಿತ್ರ ಅಂಟಿಸಿದೆವು. ಬಾಗಿಲಲ್ಲಿ ಬಕೆಟ್ಟು, ಸಾಬೂನು ಇಟ್ಟೆವು. ಒಂದು ದಿನ ಬೀಜದ ಸಿಪ್ಪೆ ತೆಗೆಯುವ ಸಾಲಿನಲ್ಲಿ ಒಬ್ಬಾಕೆ ಕುಸಿದು ಬಿದ್ದಳು. ಮುಟ್ಟಿದರೆ ಮೈ ಕಾದ ಕಾವಲಿಯ ಹಾಗೆ. ಸೆರಗಿನ ಗಂಟಿನಲ್ಲಿ ನಾಲ್ಕು ಪ್ಯಾರಸಿಟಮಾಲ್ ಮಾತ್ರೆ. ಮೂರು ದಿನದಿಂದ ಜ್ವರವಂತೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ನುಂಗಿ ಕೆಲಸಕ್ಕೆ ಬರುತ್ತಿದ್ದಳು.

ಅಲ್ಲಿ ಕಿಲೋ ಲೆಕ್ಕದ ಸಂಬಳ. ಬಾರದಿದ್ದರೆ ಆ ದಿನದ್ದು ಸೊನ್ನೆ. ಮೇಲಿಂದ ತಿಂಗಳಲ್ಲಿ ಎರಡು ದಿನ ತಪ್ಪಿದರೆ ಹಾಜರಿ ಬೋನಸ್ಸೂ ಹೋಗುತ್ತಿತ್ತು. ಮುಂದಿನ ವಾರ ಅವಳ ಸಾಲಿನ ಒಂಬತ್ತು ಮಂದಿ ಹಾಸಿಗೆ ಹಿಡಿದರು. ಅವರಲ್ಲಿ ಒಬ್ಬಳು ಏಳು ತಿಂಗಳ ಬಸುರಿ. ಹತ್ತು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದಳು. ಬೋನಸ್ಸಿನ ಆ ನಿಯಮ ತೆಗೆಯಿರಿ ಅಂತ ನಾನು ಆಡಳಿತದವರಿಗೆ ಬರೆದುಕೊಟ್ಟದ್ದು ಇದೆಲ್ಲ ಆದ ಮೇಲೆ. ನಿಯಮ ನನಗೆ ಎಷ್ಟೋ ವರ್ಷದಿಂದ ಗೊತ್ತಿತ್ತು. ಅದು ಸಂಬಳದ ವಿಷಯ, ನನ್ನದಲ್ಲ ಅಂದುಕೊಂಡಿದ್ದೆ. ಕಾಯಿಲೆ ಹರಡಿದ್ದೇ ಅದರಿಂದ.

ಈಗಲೇ ಯಾಕೆ ಅಂತ ಕೇಳಿದ್ದೀರಿ. ಫ್ಲೂ ಕೊರೋನಕ್ಕಿಂತ ಬೇಗ ಓಡುತ್ತದೆ. ಸೋಂಕು ತಗಲಿ ಒಂದರಿಂದ ನಾಲ್ಕು ದಿನದೊಳಗೆ ಜ್ವರ ಬರುತ್ತದೆ, ಹೆಚ್ಚಾಗಿ ಎರಡನೇ ದಿನವೇ. ಜ್ವರ ಕಾಣುವ ಒಂದು ದಿನ ಮೊದಲೇ ಅದು ಪಕ್ಕದವರಿಗೆ ಹೋಗಲು ಶುರುವಾಗುತ್ತದೆ. ಆಮೇಲೆ ಐದರಿಂದ ಏಳು ದಿನ ಹೋಗುತ್ತಲೇ ಇರುತ್ತದೆ. ಕೂತು ಮಾತಾಡಿ ತೀರ್ಮಾನ ಮಾಡುವಷ್ಟು ಹೊತ್ತು ಅದು ಕೊಡುವುದಿಲ್ಲ. ಹೊಸ ಫ್ಲೂಗೆ ಲಸಿಕೆ ತಯಾರಾಗಲು ಸುಮಾರು ಆರು ತಿಂಗಳು ಬೇಕು. ಇನ್ನೊಂದು ವಿಷಯ ಉಂಟು. 1918ರ ಜೂನ್‌ನಲ್ಲಿ ಮುಂಬಯಿಗೆ ಬಂದಿಳಿದು ದೇಶದಲ್ಲಿ ಕೋಟಿಗೂ ಜಾಸ್ತಿ ಜನರನ್ನು ತೆಗೆದುಕೊಂಡು ಹೋದ ಫ್ಲೂ ಇದೆಯಲ್ಲ, ಅದು ಮುದುಕರನ್ನು, ಮಕ್ಕಳನ್ನು ಮಾತ್ರ ಹುಡುಕಿಕೊಂಡು ಬರಲಿಲ್ಲ. 20ರಿಂದ 40 ವರ್ಷದವರು, ಅಂದರೆ ಗಟ್ಟಿಮುಟ್ಟಾಗಿ ದುಡಿಯುವವರು ಲೆಕ್ಕಕ್ಕಿಂತ ಜಾಸ್ತಿ ಸತ್ತರು. ನಿಮ್ಮ ಶೆಡ್ಡಿನಲ್ಲಿ ಕೂತವರ ವಯಸ್ಸು ಅದೇ ಅಲ್ವಾ?

ಈಗ ದುಡ್ಡಿನ ಲೆಕ್ಕ. ಒಬ್ಬಾಕೆಗೆ ಐದು ದಿನದ ಕೂಲಿ 2,750 ರೂಪಾಯಿ. 14ರಲ್ಲಿ ಐದು ಜನ ಮಲಗಿದರೆ 13,750. ತಿಂಗಳಿಗೆ 1,200 ರೂಪಾಯಿಯಂತೆ ತೆಗೆದಿಟ್ಟರೆ ವರ್ಷಕ್ಕೆ 14,400 ಆಗುತ್ತದೆ. ನಿಮ್ಮ ಊರಿನ ಸಹಕಾರಿ ಬ್ಯಾಂಕಿನಲ್ಲಿ ಬೇರೆ ಖಾತೆ ಮಾಡಿ ಇಡಿ. ಕೈಗೆ ಸಿಗುವ ಕಡೆ ಇಟ್ಟರೆ ಗೋಣಿ ತರಲು ಖರ್ಚಾಗಿ ಹೋಗುತ್ತದೆ. ಯಾರಿಗೂ ಜ್ವರ ಬಾರದಿದ್ದರೆ ದುಡ್ಡು ನಿಮ್ಮದೇ. ಒಂದು ವಾರ ಶೆಡ್ಡು ಮುಚ್ಚಿದರೆ, ಮಳೆಯಲ್ಲಿ ಅಡಿಕೆಗೆ ಬೂಸಲು ಹಿಡಿದರೆ ಎಷ್ಟು ನಷ್ಟ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಇಷ್ಟಾದ ಮೇಲೆ ಶೆಡ್ಡಿನ ಒಳಗೆ ನೋಡಿ. ಮೆಟ್ಟುಕತ್ತಿ ಇಟ್ಟುಕೊಂಡು ಎಲ್ಲರೂ ಸುತ್ತ ಕೂತು, ಮುಖಕ್ಕೆ ಮುಖ ಕೊಟ್ಟು ಸುಲಿಯುತ್ತಾರೆ. ಕತೆ ಹೇಳಲು ಒಳ್ಳೆಯದು, ಫ್ಲೂಗೂ ಒಳ್ಳೆಯದು. ಆ ದಿನಗಳಲ್ಲಿ ಎಲ್ಲರ ಮುಖ ಒಂದೇ ಕಡೆಗೆ ಇರುವ ಹಾಗೆ ಎರಡು ಸಾಲು ಮಾಡಿ, ನಡುವೆ ಒಂದು ಮಾರು ಜಾಗ ಬಿಡಿ. ಮಳೆಯ ಎರಚಲು ಬರುತ್ತದೆ ಅಂತ ಜುಲೈಯಲ್ಲಿ ಎಲ್ಲ ಬಾಗಿಲು ಹಾಕುತ್ತೇವೆ. ಗಾಳಿ ಬರುವ ಕಡೆಯ ಕಿಟಕಿಗೆ ಹೊರಗಿನಿಂದ ಒಂದು ತಗಡಿನ ಮಾಡು ಇಳಿಸಿದರೆ ಮಳೆಯಲ್ಲೂ ತೆರೆದಿಡಬಹುದು. ಮತ್ತೆ ಆ ವೀಳ್ಯದ ತಟ್ಟೆ. ಹತ್ತು ಗಂಟೆಯ ಚಹಾ ಆದ ಕೂಡಲೇ ಅದು ಕೈಯಿಂದ ಕೈಗೆ ಹೋಗುತ್ತದೆ, ಆ ಕೈ ಬಾಯಿಗೆ ಹೋಗುತ್ತದೆ. ತಿನ್ನಬೇಡಿ ಅಂದರೆ ಯಾರೂ ಕೇಳಲಿಕ್ಕಿಲ್ಲ. ಅವರವರ ಎಲೆ ಅಡಿಕೆ ಅವರವರ ಚೀಲದಲ್ಲಿ ಇರಲಿ ಅಂದರೆ ಕೇಳುತ್ತಾರೆ. ನೀರನ್ನು ಚೊಂಬಿನಿಂದ ಎತ್ತಿ ಕುಡಿಯುವ ನಮ್ಮ ಪದ್ಧತಿ ಇದೆಯಲ್ಲ, ಅದನ್ನು ಬಿಡಬೇಡಿ.

ಸಿಪ್ಪೆಯ ಧೂಳಿಗೆ ಕೆಮ್ಮು ವರ್ಷವಿಡೀ ಇರುತ್ತದೆ. ಹಾಗಾಗಿ ಬರೀ ಕೆಮ್ಮು ನೋಡಿ ಯಾರನ್ನೂ ಮನೆಗೆ ಕಳಿಸಬೇಡಿ. ಇದ್ದಕ್ಕಿದ್ದ ಹಾಗೆ ಜ್ವರ, ಮೈಕೈ ನೋವು, ಮಂಡೆನೋವು, ಅದರ ಜೊತೆ ಕೆಮ್ಮು ಅಥವಾ ಗಂಟಲು ನೋವು ಬಂದರೆ ಫ್ಲೂ ಅಂತ ತಿಳಿಯಿರಿ.

ಪ್ರಶ್ನೆ: ನಾನು ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸ ಮಾಡುತ್ತೇನೆ. ನಾವು 22 ಜನ ಇದ್ದೇವೆ. ಎರಡು ದಿನ ಜ್ವರಕ್ಕೆ ರಜೆ ಹಾಕಿದರೂ ಡಾಕ್ಟರ ಸರ್ಟಿಫಿಕೇಟ್ ಕೇಳುತ್ತಾರೆ, ಇಲ್ಲದಿದ್ದರೆ ಸಂಬಳ ಕಟ್. ಆಟೋಗೆ, ಡಾಕ್ಟರಿಗೆ ಕೊಡುವ ದುಡ್ಡು ಆ ಎರಡು ದಿನದ ಸಂಬಳದ ಹತ್ತಿರ ಬರುತ್ತದೆ. ಇದು ಸರಿಯಾ?
(ಕುಂಬಳೆಯ ಓದುಗರು)

ಉತ್ತರ: ಸರಿಯಲ್ಲ ಮಗಳೇ. ಸರ್ಟಿಫಿಕೇಟ್ ಬರೆದುಕೊಡುವವಳಾಗಿಯೇ ಹೇಳುತ್ತೇನೆ. ಫ್ಲೂ ಜೋರಾಗಿರುವ ವಾರದಲ್ಲಿ ನನ್ನ ಕ್ಲಿನಿಕ್ಕಿನ ಜಗಲಿಯಲ್ಲಿ ಕೂತವರಲ್ಲಿ ಎಷ್ಟೋ ಜನಕ್ಕೆ ನಾನು ಹೇಳುವುದು ಒಂದೇ. ಗಂಜಿ ಕುಡಿ, ಮಲಗು. ಅವರು ಬಂದದ್ದು ಮದ್ದಿಗಲ್ಲ, ಕಾಗದಕ್ಕೆ. ಆ ಕಾಗದಕ್ಕಾಗಿ ಜ್ವರದಲ್ಲಿ ಬಸ್ಸು ಹತ್ತುತ್ತಾರೆ. ಜಗಲಿಯಲ್ಲಿ ಬಸುರಿಯ ಪಕ್ಕ, ಸಕ್ಕರೆ ಕಾಯಿಲೆಯ ಅಜ್ಜನ ಪಕ್ಕ ಒಂದು ಗಂಟೆ ಕೂರುತ್ತಾರೆ. ಅಂಗಡಿಯ ಯಜಮಾನರಿಗೆ ಇದನ್ನು ಓದಲು ಕೊಡು. ಫ್ಲೂ ಹಬ್ಬಿರುವಾಗ ಐದು ದಿನದವರೆಗಿನ ಜ್ವರಕ್ಕೆ ಕಾಗದ ಕೇಳಬಾರದು. ಫೋನಿನಲ್ಲಿ ಹೇಳಿದ ಮಾತು ಸಾಕು. ಸುಳ್ಳು ಹೇಳುವವರು ಒಬ್ಬಿಬ್ಬರು ಇರಬಹುದು. ಅವರಿಂದ ಆಗುವ ನಷ್ಟ ಒಂದು ಕೌಂಟರಿನವರೆಲ್ಲ ಒಟ್ಟಿಗೆ ಮಲಗಿದಾಗ ಆಗುವ ನಷ್ಟಕ್ಕಿಂತ ಎಷ್ಟೋ ಕಡಿಮೆ.

ಕಾನೂನಿನ ವಿಷಯವೂ ತಿಳಿದಿರಲಿ. ಕೇರಳದ ಅಂಗಡಿಗಳ ಕಾಯ್ದೆ 1960ರದ್ದು. ಅದರ ಪ್ರಕಾರ ಅಂಗಡಿಯ ಕೆಲಸದವರಿಗೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಮೇತ ಕಾಯಿಲೆ ರಜೆ ಇದೆ. ಇದು ಯಜಮಾನರ ದಯೆ ಅಲ್ಲ, ನಿನ್ನ ಹಕ್ಕು. ಆಮೇಲೆ ನಿನ್ನ ಸಂಬಳದ ಚೀಟಿಯಲ್ಲಿ ಇಎಸ್ಐ (ಕಾರ್ಮಿಕರ ರಾಜ್ಯ ವಿಮೆ) ಅಂತ 0.75% ಕಡಿತ ಇದೆಯಾ ನೋಡು. 10 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವಲ್ಲಿ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳದವರಿಗೆ ಅದು ಅನ್ವಯಿಸುತ್ತದೆ. ಕಾಯಿಲೆ ಬಿದ್ದಾಗ ಸಂಬಳದ 70% ಹಣ, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಅದಕ್ಕೆ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು, ಇಎಸ್ಐ ಡಾಕ್ಟರ ಕಾಗದವೂ ಬೇಕು. ಒಂದು ತೊಡಕು ಇದೆ. ಮೊದಲ ಎರಡು ದಿನಕ್ಕೆ ಇಎಸ್ಐ ಕೊಡುವುದಿಲ್ಲ. ಫ್ಲೂ ಜಾಸ್ತಿ ಹರಡುವುದು ಆ ಮೊದಲ ದಿನಗಳಲ್ಲೇ. ಹಾಗಾಗಿ ಆ ಎರಡು ದಿನ ಯಜಮಾನರೇ ಕೊಡಬೇಕು ಅಂತ ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಪ್ರಶ್ನೆ: ಹೊಸಂಗಡಿಯಲ್ಲಿ ನಮ್ಮ ಬೇಕರಿ ಇದೆ. ಭಟ್ಟಿಯವರು ಇಬ್ಬರು ಕರ್ನಾಟಕದ ತೊಕ್ಕೊಟ್ಟಿನವರು, ಪ್ಯಾಕಿಂಗಿನ ಮೂವರು ಕೇರಳದ್ದೇ ಉಪ್ಪಳದವರು. 2020ರಲ್ಲಿ ಕೊರೋನ ಬಂದು ಕರ್ನಾಟಕದವರು ತಲಪಾಡಿಯ ಗಡಿ ಮುಚ್ಚಿದಾಗ ಭಟ್ಟಿಯೇ ಆರಿತು. ಮತ್ತೆ ಹಾಗಾದರೆ?
(ಹೊಸಂಗಡಿಯ ಓದುಗರು)

ಉತ್ತರ: ನಿಮ್ಮ ಕಾಗದ ಓದುವಾಗ ಆ ಮಾರ್ಚ್ ಕೊನೆಯ ವಾರ ಕಣ್ಣ ಮುಂದೆ ಬಂತು. ತಲಪಾಡಿಯಲ್ಲಿ ಗೇಟು ಬಿತ್ತು. ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ರೋಗಿಗಳು ಆಂಬುಲೆನ್ಸಿನಲ್ಲೇ ಹಿಂದೆ ಬಂದರು, ಕೆಲವರು ಉಳಿಯಲೂ ಇಲ್ಲ. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರೆಸಿ ಅಂತ ಕೇಂದ್ರಕ್ಕೆ ಹೇಳಬೇಕಾಯಿತು. ನನ್ನ ಕ್ಲಿನಿಕ್ಕಿನ ನರ್ಸ್ ಕೂಡ ಆಚೆಯವಳು. ಎರಡು ತಿಂಗಳು ಬರಲಿಕ್ಕಾಗಲಿಲ್ಲ. ಮರುವರ್ಷ 2021ರ ಆಗಸ್ಟಿನಲ್ಲಿ ಕರ್ನಾಟಕದವರು 72 ಗಂಟೆಯೊಳಗಿನ ಕೊರೋನ ಪರೀಕ್ಷೆಯ ಆರ್‌ಟಿಪಿಸಿಆರ್ ವರದಿ ಕೇಳಿದರು. ದಿನಾ ಗಡಿ ದಾಟಿ ದುಡಿಯುವವರಿಗೆ ಅದು ಎಷ್ಟು ಕಷ್ಟ! ನಮ್ಮ ಮದುವೆ, ಮಾರುಕಟ್ಟೆ, ಆಸ್ಪತ್ರೆ, ಕಾಲೇಜು ಎಲ್ಲ ಆ ಕಡೆಗೆ. ಗೆರೆ ಮಾತ್ರ ನಡುವೆ.

ಫ್ಲೂಗೆ ಗಡಿ ಮುಚ್ಚಿ ಪ್ರಯೋಜನ ಇಲ್ಲ. ಗೇಟು ಹಾಕುವ ಹೊತ್ತಿಗೆ ಅದು ಎರಡೂ ಕಡೆ ಇರುತ್ತದೆ. ಆದರೂ ಮುಚ್ಚಲಾರರು ಅಂತ ನಂಬಿ ಕೂರುವಂತಿಲ್ಲ. ಇವತ್ತೇ ಒಂದು ಪುಸ್ತಕದಲ್ಲಿ ಯಾರು ಯಾವ ಕಡೆಯವರು, ಅವರ ಫೋನ್, ಬ್ಯಾಂಕ್ ಖಾತೆ ಬರೆದಿಡಿ. ಆಚೆ ಸಿಕ್ಕಿಹಾಕಿಕೊಂಡವರಿಗೆ ಕೂಲಿ ಮುಟ್ಟಿಸುವ ದಾರಿ ಅದು. ಭಟ್ಟಿಯ ಕೆಲಸವನ್ನು ಉಪ್ಪಳದವರಲ್ಲಿ ಒಬ್ಬರಿಗೆ ಕಲಿಸಲು ಶುರು ಮಾಡಿ. ವಾರಕ್ಕೆ ಒಂದು ದಿನ ಭಟ್ಟಿ ಅವರ ಕೈಯಲ್ಲಿ ಇರಲಿ. ಬಂದ್ ಬಂದ ಮೇಲೆ ಕಲಿಸಲು ಆಗುವುದಿಲ್ಲ, ಕಲಿಸುವವರೇ ಆಚೆ ಇರುತ್ತಾರಲ್ಲ. ಬೇಕರಿಯಲ್ಲೇ ಉಳಿಯುತ್ತೇನೆ ಅಂತ ಯಾರಾದರೂ ಒಪ್ಪಿದರೆ ಒಳ್ಳೆಯದು. ಆದರೆ ಒಪ್ಪಲೇಬೇಕು ಅಂತ ಹೇಳಬೇಡಿ. ಅವರಿಗೂ ಮನೆಯಲ್ಲಿ ಮಕ್ಕಳು, ಮುದುಕರು ಇದ್ದಾರೆ. ಇನ್ನೊಂದು ಮಾತು. ಎಲ್ಲರ ಮನೆಗೂ ಹತ್ತಿರದ ಆಸ್ಪತ್ರೆ ಗಡಿಯ ಈಚೆ ಯಾವುದು ಅಂತ ಅದೇ ಪುಸ್ತಕದಲ್ಲಿ ಬರೆಯಿರಿ. ನಮಗೆಲ್ಲ ಗಡಿಯಾಚೆಯ ದೇರಳಕಟ್ಟೆಯದ್ದು ಮಾತ್ರ ಬಾಯಿಗೆ ಬರುತ್ತದೆ.

ಪ್ರಶ್ನೆ: ನಮ್ಮ ಸಹಕಾರಿ ಸಂಘದಲ್ಲಿ ಒಂಬತ್ತು ಜನ ಸಿಬ್ಬಂದಿ. ಎಷ್ಟು ಜನ ಒಟ್ಟಿಗೆ ರಜೆ ಹಾಕಬಹುದು ಅಂತ ಲೆಕ್ಕ ಇಟ್ಟುಕೊಳ್ಳಬೇಕು?
(ಪೆರ್ಲದ ಓದುಗರು)

ಉತ್ತರ: 2009ಕ್ಕೆ ಮೊದಲೇ ಅಮೆರಿಕದಲ್ಲಿ ಫ್ಲೂ ಮಹಾಮಾರಿಗೆ ಮಾಡಿದ ಯೋಜನೆಯಲ್ಲಿ, ಅತಿ ಜೋರಾದ ವಾರಗಳಲ್ಲಿ 40%ವರೆಗೆ ಜನ ಬರಲಿಕ್ಕಿಲ್ಲ ಅಂತ ಇಟ್ಟುಕೊಂಡಿದ್ದರು. ಅದರಲ್ಲಿ ಕಾಯಿಲೆಯವರು ಮಾತ್ರ ಅಲ್ಲ, ಕಾಯಿಲೆಯವರನ್ನು ನೋಡಿಕೊಳ್ಳುವವರು, ಶಾಲೆ ಮುಚ್ಚಿ ಮಕ್ಕಳ ಜೊತೆ ಮನೆಯಲ್ಲಿ ಉಳಿದವರೂ ಸೇರಿದ್ದಾರೆ. ನಿಮ್ಮ ಒಂಬತ್ತರಲ್ಲಿ ನಾಲ್ಕು ಜನ ಇಲ್ಲ ಅಂತ ಒಂದು ದಿನ ನಿಜವಾಗಿಯೇ ಮಾಡಿ ನೋಡಿ. ತಿಜೋರಿಯ ಬೀಗ, ಕಂಪ್ಯೂಟರಿನ ಪಾಸ್‌ವರ್ಡು, ಪಿಂಚಣಿ ಹಂಚುವ ಪಟ್ಟಿ ಎಲ್ಲ ಒಬ್ಬರ ಹತ್ತಿರವೇ ಇದೆ ಅಂತ ಗೊತ್ತಾಗುತ್ತದೆ. ಪಿಂಚಣಿಗೆ ಕಾಯುವ ಅಜ್ಜಿಯಂದಿರನ್ನು ಆಫೀಸಿಗೆ ಕರೆಸದೆ ಮನೆಗೆ ಮುಟ್ಟಿಸುವುದು ಹೇಗೆ ಅಂತಲೂ ಆ ದಿನವೇ ಯೋಚಿಸಿ.

ಪ್ರಶ್ನೆ: ಕೆಲಸದವರಿಗೆಲ್ಲ ಫ್ಲೂ ಲಸಿಕೆ ಹಾಕಿಸಬೇಕಾ? ಪ್ರತಿ ವರ್ಷವೂ ಬೇಕಾ?
(ಮುಳ್ಳೇರಿಯದ ಓದುಗರು)

ಉತ್ತರ: ವೈರಸ್ಸು ವೇಷ ಬದಲಿಸುತ್ತಲೇ ಇರುತ್ತದೆ, ಹಾಗಾಗಿ ಲಸಿಕೆಯೂ ವರ್ಷ ವರ್ಷ ಬೇಕು. ನಮ್ಮಲ್ಲಿ ಮಳೆಗಾಲದಲ್ಲಿ ಫ್ಲೂ ಏರುತ್ತದೆ. ಹಾಕಿದ ಮೇಲೆ ಎರಡು ವಾರ ಬೇಕು ಕೆಲಸ ಮಾಡಲು. ಮೇ ತಿಂಗಳೊಳಗೆ ಹಾಕಿಸಿ. ಎಲ್ಲರಿಗೂ ದುಡ್ಡು ಸಾಲದಿದ್ದರೆ ಬಸುರಿಯರು, ವಯಸ್ಸಾದವರು, ಸಕ್ಕರೆ ಕಾಯಿಲೆ, ದಮ್ಮು, ಹೃದಯದ ತೊಂದರೆ ಇರುವವರು ಮೊದಲು. ಮಾಮೂಲಿ ಲಸಿಕೆ ಹೊಸ ಮಹಾಮಾರಿಯನ್ನು ತಡೆಯುತ್ತದೆ ಅಂತ ಭರವಸೆ ಇಲ್ಲ. ಹಾಗಂತ ಅದು ದಂಡವಲ್ಲ. ಪ್ರತಿ ಮಳೆಗಾಲದ ಫ್ಲೂನಿಂದಲೂ ಜನ ಸಾಯುತ್ತಾರೆ.

ಪ್ರಶ್ನೆ: ಕೋಳಿ ಫಾರ್ಮಿನಲ್ಲಿ ಇಬ್ಬರು ಹುಡುಗರು ಇದ್ದಾರೆ. ಹಕ್ಕಿಜ್ವರದ ಸುದ್ದಿ ಬಂದರೆ ಅವರಿಗೆ ಎಂತ ಹೇಳಲಿ?
(ಆದೂರಿನ ಓದುಗರು)

ಉತ್ತರ: ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ತೋಟಕ್ಕೆ ಎಸೆಯಬೇಡಿ, ಪಶು ಆಸ್ಪತ್ರೆಗೆ ಕೂಡಲೇ ಹೇಳಿ. ಇಷ್ಟು ಮೊದಲು. ನಮ್ಮ ದೇಶದಲ್ಲಿ ಹಕ್ಕಿಜ್ವರ ಮೊದಲು ಕಂಡದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದ ಕೋಳಿಗಳಲ್ಲಿ. 2014ರಲ್ಲಿ ಆಲಪ್ಪುಳದ ಬಾತುಕೋಳಿಗಳಿಗೆ ಬಂತು. ಮನುಷ್ಯರಿಂದ ಮನುಷ್ಯರಿಗೆ ಅದು ಸುಲಭದಲ್ಲಿ ಹರಡುವುದಿಲ್ಲ. ಆದರೆ ಹೊಸ ಮಹಾಮಾರಿ ಹುಟ್ಟುವ ದಾರಿಗಳಲ್ಲಿ ಇದೂ ಒಂದು ಅಂತ ವಿಜ್ಞಾನಿಗಳು ಕಣ್ಣಿಟ್ಟಿದ್ದಾರೆ. ಹುಡುಗರಿಗೆ ಜ್ವರ ಬಂದರೆ ಡಾಕ್ಟರ ಹತ್ತಿರ ಮೊದಲು ಕೋಳಿಯ ವಿಷಯ ಹೇಳಲಿ. ಕೋಳಿ ಸತ್ತ ಸುದ್ದಿ ಹೇಳಿದರೆ ಕೆಲಸ ಹೋಗುತ್ತದೆ ಅಂತ ಹೆದರಿದ ಹುಡುಗ ಅದನ್ನು ಮುಚ್ಚಿಡುತ್ತಾನೆ. ಫಾರ್ಮ್ ಖಾಲಿ ಮಾಡಿಸಿದರೂ ಒಂದು ತಿಂಗಳ ಸಂಬಳ ನಿನ್ನದು ಅಂತ ಈಗಲೇ ಮಾತು ಕೊಡಿ.

ಪ್ರಶ್ನೆ: ಕೆಂಪುಕಲ್ಲಿನ ಕ್ವಾರಿಯಲ್ಲಿ ಬಂಗಾಳ, ಒಡಿಶಾದ ಎಂಟು ಜನ. ಎಲ್ಲರೂ ಒಂದೇ ರೂಮಿನಲ್ಲಿ ಇರುವುದು. ಮನೆಯಲ್ಲಿ ಮಲಗು ಅಂದರೆ ಅವರಿಗೆ ಮನೆ ಎಲ್ಲಿದೆ?
(ಸೀತಾಂಗೋಳಿಯ ಓದುಗರು)

ಉತ್ತರ: ಇದನ್ನು ಕೇಳಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ಹೆಚ್ಚಿನವರು ಕೇಳುವುದೇ ಇಲ್ಲ.

ಮೊದಲ ಜ್ವರ ಕಾಣುವ ಮೊದಲೇ ಇನ್ನೊಂದು ಕೋಣೆ ಗೊತ್ತು ಮಾಡಿ. ಸಾಮಾನು ಇಡುವ ಶೆಡ್ಡಾದರೂ ಸರಿ. ಎರಡು ಕಿಟಕಿ, ಒಂದು ಮಂಚ, ಸೊಳ್ಳೆಪರದೆ, ಹತ್ತಿರದಲ್ಲಿ ಕಕ್ಕಸು ಇರಬೇಕು. ಕೋಣೆ ಸಿಗದೇ ಇದ್ದರೆ ಕಾಯಿಲೆಯವನ ಚಾಪೆ ಗಾಳಿ ಹೊರಗೆ ಹೋಗುವ ಕಿಟಕಿಯ ಪಕ್ಕ ಇರಲಿ. ಉಳಿದವರು ದೂರ, ಅವನ ಕಾಲಿನ ಕಡೆಗೆ ತಲೆ ಹಾಕಿ ಮಲಗಲಿ. ಗಂಜಿ, ನೀರು ತಂದುಕೊಡುವ ಕೆಲಸ ಒಬ್ಬನದೇ ಇರಲಿ, ಅವನಿಗೆ ಒಳ್ಳೆಯ ಮಾಸ್ಕ್ ಕೊಡಿ. ಪ್ಯಾರಸಿಟಮಾಲ್ ನುಂಗದೆ 24 ಗಂಟೆ ಜ್ವರ ಇಲ್ಲದೆ ಕಳೆದ ಮೇಲೆ ಮಾತ್ರ ಕಲ್ಲು ಕಡಿಯಲು ಬರಲಿ. ಆಮೇಲೂ ಎರಡು ದಿನ ಹಗುರ ಕೆಲಸ ಕೊಡಿ, ಈ ಜ್ವರದಲ್ಲಿ ತುಂಬ ಬಚ್ಚುತ್ತದೆ.

ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಮಾತು ತಪ್ಪಿದರೆ, ಬಿಟ್ಟ ಜ್ವರ ಮತ್ತೆ ಏರಿದರೆ ರಾತ್ರಿಯಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಒಸೆಲ್ಟಾಮಿವಿರ್ ಎಂಬ ಮಾತ್ರೆ ಮೊದಲ 48 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನು ಡಾಕ್ಟರೇ ಬರೆದುಕೊಡಬೇಕು. ಏನೂ ತಿಳಿಯದಿದ್ದರೆ ಕೇರಳ ಸರ್ಕಾರದ ದಿಶಾ ಸಹಾಯವಾಣಿ 1056ಕ್ಕೆ ಫೋನ್ ಮಾಡಿ. ಹುಡುಗರ ಫೋನಿನಲ್ಲೂ ಆ ನಂಬರ್ ಹಾಕಿಕೊಡಿ.

ಪ್ರಶ್ನೆ: 2020ರಲ್ಲಿ ನಮ್ಮ ಕಾರ್ಖಾನೆಗೆ ಬಂದ ಸೂಚನೆಗಳೆಲ್ಲ ಮಲಯಾಳದಲ್ಲೇ ಇದ್ದವು. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಹಿರಿಯ ಕೆಲಸದವರಿಗೆ ಓದಲು ಬರಲಿಲ್ಲ. ಗೋಡೆಗೆ ಹಾಕಲು ಕನ್ನಡದಲ್ಲಿ ನೀವೇ ಬರೆದುಕೊಡುತ್ತೀರಾ?
(ಬೋವಿಕ್ಕಾನದ ಓದುಗರು)

ಉತ್ತರ: ಬರೆದುಕೊಡುತ್ತೇನೆ. ಗೋಡೆಗೆ ಹಾಕುವ ಮೊದಲು ಯಜಮಾನರ ಸಹಿ ಹಾಕಿಸಿ. ಸಹಿ ಇಲ್ಲದೆ ಇದು ಬರೀ ಕಾಗದ.

"ಜ್ವರ ಬಂದವರು ಕೆಲಸಕ್ಕೆ ಬರಬೇಡಿ. ಬೆಳಿಗ್ಗೆ ಒಂದು ಫೋನ್ ಮಾಡಿದರೆ ಸಾಕು, ಡಾಕ್ಟರ ಕಾಗದ ಬೇಡ. ಐದು ದಿನದವರೆಗೆ ಕೂಲಿ ಪೂರ್ತಿ ಕೊಡುತ್ತೇವೆ, ಬೋನಸ್ ಕಡಿಯುವುದಿಲ್ಲ. ಮನೆಯಲ್ಲಿ ಜ್ವರದವರನ್ನು ನೋಡಿಕೊಳ್ಳಲು ಉಳಿದವರಿಗೂ ಇದೇ ಮಾತು. ಮಾತ್ರೆ ನುಂಗದೆ ಒಂದು ಹಗಲು, ಒಂದು ರಾತ್ರಿ ಜ್ವರ ಇಲ್ಲದಿದ್ದರೆ ಬನ್ನಿ. ಬಸುರಿಯರಿಗೆ ಫ್ಲೂ ಇರುವಷ್ಟು ದಿನ ಜನ ಕಡಿಮೆ ಇರುವ ಕಡೆ ಕೆಲಸ. ಜ್ವರ ಇದೆ ಅಂತ ಹೇಳಿದ ಕಾರಣಕ್ಕೆ ಇಲ್ಲಿ ಯಾರ ಕೆಲಸವೂ ಹೋಗುವುದಿಲ್ಲ."

ಕೆಳಗೆ ಫೋನ್ ತೆಗೆಯುವವರ ಹೆಸರು, ನಂಬರ್ ಬರೆಯಿರಿ. ಪಕ್ಕದಲ್ಲೇ ಮಲಯಾಳದಲ್ಲಿ, ಹಿಂದಿಯಲ್ಲಿ ಒಂದೊಂದು ಪ್ರತಿ ಇರಲಿ. ಓದಲು ಬಾರದವರಿಗೆ ಸಂಬಳ ಕೊಡುವ ದಿನ ತುಳುವಿನಲ್ಲಿ, ಬ್ಯಾರಿಯಲ್ಲಿ ಜೋರಾಗಿ ಹೇಳಿ. ಯಜಮಾನರೇ ಹೇಳಲಿ.